ಬಿ.ಎಸ್.ಎಸ್. ತಪಾಸಣೆಗೆ ಮೂರೇ ವಾರ, ಎಂಜಿನ್ ಹೊಗೆ ಪೈಪಿನ ಸುತ್ತ ಮಸಿ: ಏನು ಮಾಡಲಿ?

ದೋಣಿಮನೆ · ಗುರುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡಿರುವ ಕನ್ನಡದವರು ಈ ಗುಂಪಿನಲ್ಲಿ ನಾಲ್ಕೈದು ಜನವಾದರೂ ಇದ್ದೀರಿ ಅಂತ ಗೊತ್ತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಕಳೆದ ವರ್ಷ ನಾನು, ನನ್ನ ಹೆಂಡತಿ ಸೇರಿ 57 ಅಡಿಯ ಹಳೇ ನ್ಯಾರೋಬೋಟ್ (ಕಾಲುವೆಗೆಂದೇ ಮಾಡಿದ ಉದ್ದ, ಕಿರಿದಾದ ದೋಣಿ) ಕೊಂಡೆವು. 1988ರಲ್ಲಿ ತಯಾರಾದದ್ದು. ಬಿ.ಎಂ.ಸಿ. 1.5 ಡೀಸೆಲ್ ಎಂಜಿನ್. ಈಗ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ, ಬ್ರಾನ್‌ಸ್ಟನ್ ಹತ್ತಿರ ದಡಕ್ಕೆ ಕಟ್ಟಿದ್ದೇವೆ. ನಮ್ಮದು ಟ್ರ್ಯಾಡ್ ಮಾದರಿ. ಅಂದರೆ ಎಂಜಿನ್ ಡೆಕ್ ಕೆಳಗಲ್ಲ, ಕ್ಯಾಬಿನ್ ಒಳಗೇ ಹಿಂದುಗಡೆ ಇದೆ. ಒಂದು ಹಲಗೆ ಗೋಡೆ ದಾಟಿದರೆ ಆರು ವರ್ಷದ ಮಗಳ ಹಾಸಿಗೆ.

ಬೋಟ್ ಸೇಫ್ಟಿ ಸ್ಕೀಮ್ (ಬಿ.ಎಸ್.ಎಸ್., ದೋಣಿಗಳ ಸುರಕ್ಷತೆಯ ತಪಾಸಣೆ) ಸರ್ಟಿಫಿಕೇಟ್ ಇನ್ನು ಮೂರು ವಾರಕ್ಕೆ ಮುಗಿಯುತ್ತದೆ. ಅದಿಲ್ಲದೆ ಕಾಲುವೆಯಲ್ಲಿ ದೋಣಿ ಇಡಲು ಲೈಸೆನ್ಸ್ ಸಿಗುವುದಿಲ್ಲ. ಮೊನ್ನೆ ಎಂಜಿನ್ ರೂಮು ಗುಡಿಸುವಾಗ ನೋಡಿದೆ, ಹೊಗೆ ಪೈಪು ಬೆಲ್ಲೋಸ್‌ಗೆ (ಬಳುಕುವ ಪೈಪಿನ ತುಂಡು) ಸೇರುವ ಫ್ಲಾಂಜ್ (ಬೋಲ್ಟ್ ಹಾಕಿ ಜೋಡಿಸುವ ಅಂಚು) ಸುತ್ತ ಕಪ್ಪಗೆ ಮಸಿ. ಸಂಜೆ ಬ್ಯಾಟರಿ ಚಾರ್ಜ್ ಮಾಡಲು ಎರಡು ಗಂಟೆ ಎಂಜಿನ್ ಓಡಿಸಿದರೆ ಒಳಗೆ ಸ್ವಲ್ಪ ಹೊಗೆ ವಾಸನೆ ಬರುತ್ತದೆ. ಪೈಪಿಗೆ ಸುತ್ತಿರುವ ಹಗ್ಗದಂಥ ಲ್ಯಾಗಿಂಗ್ (ಶಾಖ ತಡೆಯುವ ಹೊದಿಕೆ) ಬೂದಿ ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗಿದೆ. ಮಾರಿದವರನ್ನು ಕೇಳಿದರೆ "ಅದು ಮೊದಲಿಂದ ಹಾಗೇ ಇದೆ, ಹೋದ ಸಲ ಪಾಸ್ ಆಯಿತಲ್ಲ" ಅಂದರು.

ಈ ಶನಿವಾರ ಹಳೇ ಹಗ್ಗ ಕಿತ್ತುಹಾಕಿ, ಆನ್‌ಲೈನ್‌ನಲ್ಲಿ ಸಿಗುವ ಗ್ಲಾಸ್‌ಫೈಬರ್ ಪಟ್ಟಿ ಸುತ್ತಿಬಿಡೋಣ ಅಂದುಕೊಂಡಿದ್ದೇನೆ. ಅಷ್ಟು ಸಾಕಾ? ಎಕ್ಸಾಮಿನರ್ ಇನ್ನೇನು ನೋಡುತ್ತಾರೆ?

ಕೆನ್ನೆಟ್_ಅಕ್ಕ · ರಾತ್ರಿ 9:22

ತಮ್ಮಾ, ಶನಿವಾರದ ಕೆಲಸ ಬಿಡಿ. ಆ ಹಗ್ಗಕ್ಕೆ ಕೈ ಹಚ್ಚಲೇಬೇಡಿ.

1988ರ ದೋಣಿ ಅಂದಿರಿ. ಈ ದೇಶದಲ್ಲಿ ಬಿಳಿ ಆಸ್ಬೆಸ್ಟಸ್ ನಿಷೇಧವಾದದ್ದು 1999ರಲ್ಲಿ. ನೀಲಿ, ಕಂದು ಬಣ್ಣದ್ದು 1985ರಲ್ಲೇ ನಿಷೇಧವಾಗಿತ್ತು. ನಿಮ್ಮ ದೋಣಿ ಎರಡರ ನಡುವೆ ಬರುತ್ತದೆ. ಆ ಕಾಲದಲ್ಲಿ ಬಿಸಿ ಪೈಪಿಗೆ ಆಸ್ಬೆಸ್ಟಸ್ ಹಗ್ಗ ಸುತ್ತುವುದು ಮಾಮೂಲಿಯಾಗಿತ್ತು. ನಿಮ್ಮದು ಅದೇ ಅಂತ ನಾನು ಹೇಳುತ್ತಿಲ್ಲ. ಅಲ್ಲ ಅಂತ ಗೊತ್ತಾಗುವವರೆಗೆ ಅದೇ ಅಂದುಕೊಂಡು ನಡೆಯಿರಿ. ಪುಡಿಯಾಗಿರುವುದನ್ನು ಕಿತ್ತರೆ ಧೂಳು ಇಡೀ ಕ್ಯಾಬಿನ್‌ಗೆ ಹರಡುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ.

ಎರಡನೇದು ಇವತ್ತೇ ಆಗಬೇಕು. ಕಾರ್ಬನ್ ಮಾನಾಕ್ಸೈಡ್ (ಹೊಗೆಯಲ್ಲಿರುವ ವಿಷಗಾಳಿ) ಅಲಾರಂ ಇದೆಯಾ? ಎಲ್ಲಿದೆ?

ಬೆಣ್ಣೆದೋಸೆ_ಬರ್ಮಿಂಗ್‌ಹ್ಯಾಮ್ · ರಾತ್ರಿ 9:25

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ರಿಪೇರಿ ಆಗುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ.

ದೋಣಿಮನೆ · ರಾತ್ರಿ 9:41

ಅಯ್ಯೋ, ಆಸ್ಬೆಸ್ಟಸ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಗುಡಿಸುವಾಗ ಸ್ವಲ್ಪ ಪುಡಿ ಬಿದ್ದಿತ್ತು, ಪೊರಕೆಯಲ್ಲಿ ತೆಗೆದೆ.

ಅಲಾರಂ ಒಂದೇ ಇದೆ. ಮುಂದುಗಡೆ ಕಟ್ಟಿಗೆ ಒಲೆಯ ಹತ್ತಿರ. ಈಗ ತಿರುಗಿಸಿ ನೋಡಿದೆ. 2021ಕ್ಕೇ ಅವಧಿ ಮುಗಿದಿದೆ. ಬಟನ್ ಒತ್ತಿದರೆ ಕೂಗುತ್ತದೆ.

ಕೆನ್ನೆಟ್_ಅಕ್ಕ · ರಾತ್ರಿ 9:46

ಬಟನ್ ಒತ್ತಿದಾಗ ಕೂಗಿದರೆ ಬ್ಯಾಟರಿ, ಬಜರ್ ಸರಿಯಿದೆ ಅಂತ ಅಷ್ಟೇ. ಒಳಗಿನ ಸೆನ್ಸರ್ ಕೆಲಸ ಮಾಡುತ್ತದೆ ಅಂತ ಅರ್ಥವಲ್ಲ. ನಾಳೆ ಬೆಳಿಗ್ಗೆ ಎರಡು ಹೊಸ ಅಲಾರಂ ತನ್ನಿ. ಮೇಲೆ ಇ.ಎನ್. 50291-2 ಅಂತ ಬರೆದಿರಬೇಕು. ದೋಣಿ, ಕ್ಯಾರವಾನ್‌ಗಳಿಗೆ ಅಂತಲೇ ಇರುವ ಮಾನದಂಡ ಅದು. ಒಂದು ಒಲೆ ಇರುವ ಕಡೆ, ಒಂದು ಮಗು ಮಲಗುವ ಕಡೆ.

2019ರ ಏಪ್ರಿಲ್‌ನಿಂದ ಬಿ.ಎಸ್.ಎಸ್. ತಪಾಸಣೆಯಲ್ಲೂ ಅಲಾರಂ ನೋಡುತ್ತಾರೆ. ಮಗಳನ್ನು ಇವತ್ತು ನಿಮ್ಮ ಜೊತೆ ಮುಂದುಗಡೆ ಮಲಗಿಸಿಕೊಳ್ಳಿ. ಎಂಜಿನ್ ಆಫ್ ಇದ್ದರೂ ಆ ಧೂಳಿನ ಹತ್ತಿರ ಬೇಡ.

ಹಳೇ_ಲಿಸ್ಟರ್ · ರಾತ್ರಿ 10:05

ಸ್ವಲ್ಪ ಸಮಾಧಾನ ಮಾಡಿಕೊಳ್ಳಿ ಎಲ್ಲರೂ. ಹೊಸಬರನ್ನು ಇಷ್ಟು ಹೆದರಿಸಬೇಡಿ. ಕಾರ್ಬನ್ ಮಾನಾಕ್ಸೈಡ್ ಪೆಟ್ರೋಲ್ ಎಂಜಿನ್ ಸಮಸ್ಯೆ, ಡೀಸೆಲ್‌ದಲ್ಲ. ನಾನು ಇಪ್ಪತ್ತು ವರ್ಷದಿಂದ ಲಿಸ್ಟರ್ ಎಸ್.ಆರ್.2 ಎಂಜಿನ್ ಪಕ್ಕದಲ್ಲೇ ಮಲಗಿದ್ದೇನೆ. ಮಸಿ ಬಂದ ಜಾಗಕ್ಕೆ ಹೊಸ ಗ್ಯಾಸ್ಕೆಟ್, ನಾಲ್ಕು ಬೋಲ್ಟ್ ಬಿಗಿ. ಮುಗಿಯಿತು.

ಲಾಕ್‌ಗೇಟ್ · ರಾತ್ರಿ 10:31

ಹಳೇ ಲಿಸ್ಟರ್ ಅವರೇ, ನಿಮ್ಮ ಅನುಭವಕ್ಕೆ ಗೌರವ ಇದೆ, ಆದರೆ ಈ ಮಾತು ತಪ್ಪು. ಡೀಸೆಲ್‌ನಿಂದ ಕಡಿಮೆ ಬರುತ್ತದೆ, ಬರುವುದೇ ಇಲ್ಲ ಅಂತಲ್ಲ. ಎಂಜಿನ್ ತಣ್ಣಗಿದ್ದಾಗ, ಇಂಜೆಕ್ಟರ್ ಕೆಟ್ಟಾಗ, ಗಾಳಿ ಸಾಲದಾದಾಗ ಜಾಸ್ತಿ ಬರುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಸೇರಿದರೂ ಕಷ್ಟ. ಮೊದಲು ತಲೆನೋವು, ವಾಂತಿ ಬಂದ ಹಾಗೆ, ತಲೆಸುತ್ತು. ಜನ ಜ್ವರ ಅಂದುಕೊಂಡು ಮಲಗಿಬಿಡುತ್ತಾರೆ.

2019ರ ಡಿಸೆಂಬರ್‌ನಲ್ಲಿ ಯಾರ್ಕ್‌ನ ಔಸ್ ನದಿಯಲ್ಲಿ ಡೈವರ್ಷನ್ ಅನ್ನೋ ದೋಣಿಯಲ್ಲಿ ಇಬ್ಬರು ಸತ್ತರು. ಅಲ್ಲಿ ಕ್ಯಾಬಿನ್‌ಗೆ ನುಗ್ಗಿದ್ದು ಡೀಸೆಲ್ ಹೀಟರಿನ ಹೊಗೆಯೇ. 2013ರಲ್ಲಿ ವಿಂಡರ್‌ಮಿಯರ್ ಸರೋವರದಲ್ಲಿ ಆರ್ನಿಸ್ಟನ್ ಅನ್ನೋ ದೋಣಿಯಲ್ಲಿ ತಾಯಿ, ಮಗಳು ಹೋದರು. ಅಲ್ಲಿ ಪೆಟ್ರೋಲ್ ಜನರೇಟರಿಗೆ ಯಾರೋ ಕೈಯಾರೆ ಜೋಡಿಸಿದ ಹೊಗೆ ಪೈಪು ಕಾರಣ. 2016ರಲ್ಲಿ ನಾರ್ಫೋಕ್ ಬ್ರಾಡ್ಸ್‌ನಲ್ಲಿ ಲವ್ ಫಾರ್ ಲಿಡಿಯಾ. ಅದರಲ್ಲೂ ಇಬ್ಬರು. ಎಂಜಿನ್ ಪೆಟ್ರೋಲಿನದು. ಮೂರರಲ್ಲೂ ಹೊಗೆ ಬಂದ ಯಂತ್ರ ಬೇರೆ ಬೇರೆ. ಹೊಗೆ ಮಾತ್ರ ಹೋಗಬಾರದ ಕಡೆ ಹೋಯಿತು.

ಈಗ ಪ್ರಶ್ನೆಗೆ ಬರುತ್ತೇನೆ. ಬಿ.ಎಸ್.ಎಸ್. ಶುರುವಾದದ್ದು 1997ರಲ್ಲಿ. ನಾಲ್ಕು ವರ್ಷಕ್ಕೊಮ್ಮೆ ತಪಾಸಣೆ. ಎಂಜಿನ್ ಚೆನ್ನಾಗಿ ಓಡುತ್ತದಾ, ಎಷ್ಟು ವರ್ಷ ಬಾಳುತ್ತದೆ ಅಂತ ಎಕ್ಸಾಮಿನರ್ ನೋಡುವುದಿಲ್ಲ. ಅದು ಸರ್ವೇಯರ್ ಕೆಲಸ. ಇವರು ಬೆಂಕಿ, ಸ್ಫೋಟ, ವಿಷಗಾಳಿ, ನೀರಿಗೆ ಎಣ್ಣೆ ಸೋರುವುದು, ಇಂಥದ್ದನ್ನು ನೋಡುತ್ತಾರೆ. ಬಿಚ್ಚಿ ನೋಡುವುದಿಲ್ಲ, ಕಣ್ಣಿಗೆ ಕಾಣುವುದನ್ನು ನೋಡುತ್ತಾರೆ. ಹೊಗೆ ಪೈಪಿನ ವಿಷಯದಲ್ಲಿ ಸೋರಿದ ಗುರುತು, ಅಂದರೆ ಮಸಿ, ತೂತು, ಬಿರುಕು, ಸಡಿಲ ಜೋಡಣೆ ಕಣ್ಣಿಗೆ ಬಿದ್ದರೆ ಕೇಳುತ್ತಾರೆ. ಪೈಪಿಗೆ ಸರಿಯಾದ ಆಸರೆ ಇದೆಯಾ, ಬಿಸಿ ಭಾಗದ ಹತ್ತಿರ ಡೀಸೆಲ್ ಹೋಸ್, ವೈರು, ಮರ ಇದೆಯಾ, ಇದನ್ನೂ ನೀವೇ ಮೊದಲು ನೋಡಿಕೊಳ್ಳಿ.

ಖಾಸಗಿ ದೋಣಿಗೆ ಕೆಲವು ಅಂಶ ಕಡ್ಡಾಯ, ಕೆಲವು ಬರೀ ಸಲಹೆ. ಸಲಹೆ ಅಂತ ಬರೆದುಕೊಟ್ಟರೂ ಮಗು ಇರುವ ಮನೆಯಲ್ಲಿ ಅದನ್ನು ಕಡ್ಡಾಯ ಅಂತಲೇ ಓದಿಕೊಳ್ಳಿ.

ಮಲ್ಪೆ_ಮೆಕ್ಯಾನಿಕ್ · ಶುಕ್ರವಾರ, ಬೆಳಿಗ್ಗೆ 6:15

ನಾನು ಮಲ್ಪೆ ಬಂದರಿನಲ್ಲಿ ಮೀನುಗಾರಿಕೆ ಬೋಟಿನ ಎಂಜಿನ್ ಕೆಲಸ ಮಾಡಿದವನು. ಮಗ ಇಂಗ್ಲೆಂಡಿನಲ್ಲಿದ್ದಾನೆ, ಹೋದ ವರ್ಷ ಬಂದಾಗ ಈ ಉದ್ದ ದೋಣಿಗಳನ್ನು ನೋಡಿದೆ. ನಮ್ಮಲ್ಲಿ ಹೊಗೆ ಪೈಪು ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ಗಾಳಿ ಹೊತ್ತುಕೊಂಡು ಹೋಗುತ್ತದೆ. ನಿಮ್ಮಲ್ಲಿ ಪಕ್ಕದ ತಗಡಿನಿಂದ ಹೊರಗೆ. ಹಾಗಾಗಿ ಜೋಡಣೆ ಜಾಸ್ತಿ. ಜೋಡಣೆ ಜಾಸ್ತಿ ಇದ್ದಲ್ಲಿ ಸೋರಿಕೆಯೂ ಜಾಸ್ತಿ.

ಮಸಿ ಕಂಡ ಜಾಗದಲ್ಲೇ ಸೋರಿಕೆ ಇದೆ ಅಂತ ನಂಬಬೇಡಿ. ಹೊಗೆ ಒಂದು ಕಡೆ ಬಂದು ಇನ್ನೊಂದು ಕಡೆ ಕೂರುತ್ತದೆ. ಎಂಜಿನ್ ರಬ್ಬರ್ ಕಾಲಿನ ಮೇಲೆ ಅಲ್ಲಾಡುತ್ತದೆ, ದೋಣಿ ಅಲ್ಲಾಡುವುದಿಲ್ಲ. ಆ ಎರಡರ ನಡುವೆ ಬಳುಕುವುದು ಬೆಲ್ಲೋಸ್ ಒಂದೇ. ಪೈಪಿನ ಭಾರವೂ ಅದರ ಮೇಲೇ ಬಿದ್ದಿದ್ದರೆ ಮೊದಲು ಬಿರುಕು ಬಿಡುವುದು ಅದು. ಅದೂ ಅಡಿಭಾಗದಲ್ಲಿ, ಕಣ್ಣಿಗೆ ಬೀಳದ ಕಡೆ. ಒಂದು ಸಣ್ಣ ಕನ್ನಡಿ, ಒಂದು ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ. ಕೈ ಹಾಕಬೇಡಿ, ಸುಮ್ನೆ ನೋಡಿ.

ಇನ್ನೊಂದು. ಸೈಲೆನ್ಸರ್ ತಳದಲ್ಲಿ ನೀರು ಬಸಿಯಲು ಒಂದು ತೂತು ಇರುತ್ತದೆ, ಅದಕ್ಕೆ ಪ್ಲಗ್ ಇರುತ್ತದೆ. ತುಂಬ ಜನ ನೀರು ಬಸಿದು ಪ್ಲಗ್ ಹಾಕುವುದನ್ನು ಮರೆಯುತ್ತಾರೆ. ಆಗ ಹೊಗೆ ನೇರ ಎಂಜಿನ್ ರೂಮಿಗೆ.

ಸಾಗರದ_ಹುಡುಗ · ಶುಕ್ರವಾರ, ಬೆಳಿಗ್ಗೆ 8:02

ಸೋರಿಕೆ ಹುಡುಕಲು ಊದುಬತ್ತಿ ಹಚ್ಚಿ ಜೋಡಣೆ ಸುತ್ತ ಹಿಡಿಯಿರಿ. ಸೋರುವ ಕಡೆ ಊದುಬತ್ತಿ ಹೊಗೆ ಪಕ್ಕಕ್ಕೆ ಹಾರುತ್ತದೆ. ನಮ್ಮ ಮಾವ ಜೀಪಿಗೆ ಹೀಗೇ ಮಾಡುತ್ತಿದ್ದರು.

ಲಾಕ್‌ಗೇಟ್ · ಶುಕ್ರವಾರ, ಬೆಳಿಗ್ಗೆ 8:09

ದಯವಿಟ್ಟು ಬೇಡ. ಜೀಪು ಬಯಲಲ್ಲಿ ನಿಂತಿರುತ್ತದೆ. ಇಲ್ಲಿ ಎಂಜಿನ್ ಪಕ್ಕದಲ್ಲೇ ಬ್ಯಾಟರಿಗಳಿರುತ್ತವೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತವೆ. ಕೆಂಡ ಇರುವ ಯಾವುದನ್ನೂ ಅಲ್ಲಿಗೆ ಒಯ್ಯಬೇಡಿ.

ಸಾಗರದ_ಹುಡುಗ · ಶುಕ್ರವಾರ, ಬೆಳಿಗ್ಗೆ 8:15

ಬ್ಯಾಟರಿ ವಿಷಯ ಯೋಚಿಸಿರಲಿಲ್ಲ. ಸರಿ, ಮಾತು ವಾಪಸ್ ತಗೊಂಡೆ. ಹಾಗಾದರೆ ಹೇಗೆ ಹುಡುಕುವುದು?

ಮಲ್ಪೆ_ಮೆಕ್ಯಾನಿಕ್ · ಶುಕ್ರವಾರ, ಬೆಳಿಗ್ಗೆ 8:40

ಸೋಪಿನ ನೀರು. ಪೈಪು ಪೂರ್ತಿ ತಣ್ಣಗಿರುವಾಗ ಸ್ಪ್ರೇ ಬಾಟಲಿಯಲ್ಲಿ ಜೋಡಣೆಗಳ ಮೇಲೆ ಹಾಕಿ, ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ. ಮೊದಲ ಒಂದೆರಡು ನಿಮಿಷದಲ್ಲೇ ಗುಳ್ಳೆ ಏಳುತ್ತದೆ. ಪೈಪು ಬಿಸಿಯಾದ ಮೇಲೆ ನೀರು ಆವಿಯಾಗಿ ಹೋಗುತ್ತದೆ, ಏನೂ ಕಾಣುವುದಿಲ್ಲ. ಹೊರಗಿನಿಂದ ಇನ್ನೊಬ್ಬರು ದಪ್ಪ ಗ್ಲೌಸ್ ಹಾಕಿ ಒದ್ದೆ ಬಟ್ಟೆಯಿಂದ ಹೊಗೆ ಬಾಯಿಯನ್ನು ಅರ್ಧ ಮುಚ್ಚಿದರೆ ಒತ್ತಡ ಹೆಚ್ಚಾಗಿ ಸಣ್ಣ ಸೋರಿಕೆಯೂ ಗೊತ್ತಾಗುತ್ತದೆ. ಬಾಗಿಲು, ಹ್ಯಾಚು ಎಲ್ಲ ತೆರೆದಿಟ್ಟು ಮಾಡಬೇಕು. ಆದರೆ ನಿಮ್ಮ ಹಗ್ಗದ ವಿಷಯ ಬಗೆಹರಿಯುವವರೆಗೆ ಇದನ್ನೂ ಮಾಡಬೇಡಿ. ಗಾಳಿ ತಾಗಿ ಪುಡಿ ಹಾರುತ್ತದೆ.

ಬೆಣ್ಣೆದೋಸೆ_ಬರ್ಮಿಂಗ್‌ಹ್ಯಾಮ್ · ಶುಕ್ರವಾರ, ಮಧ್ಯಾಹ್ನ 12:50

ಬಿ.ಎಂ.ಸಿ. 1.5 ಅಂದ ತಕ್ಷಣ ನಮ್ಮ ಅಪ್ಪನ ಟ್ಯಾಕ್ಸಿ ನೆನಪಾಯಿತು. ಅಂಬಾಸಿಡರ್ ಡೀಸೆಲ್‌ನಲ್ಲಿ ಇದ್ದದ್ದು ಇದೇ ಕುಲದ 1489 ಸಿ.ಸಿ. ಎಂಜಿನ್. ದಾವಣಗೆರೆಯಿಂದ ಹುಬ್ಬಳ್ಳಿಗೆ ಎಷ್ಟು ಸಲ ಹೋಗಿದ್ದೇವೋ. ಆ ಶಬ್ದ ಇಲ್ಲಿ ಕಾಲುವೆ ದಡದಲ್ಲಿ ನಡೆಯುವಾಗ ಕೇಳಿಸಿದರೆ ಈಗಲೂ ನಿಂತುಬಿಡುತ್ತೇನೆ.

ದೋಣಿಮನೆ · ಶುಕ್ರವಾರ, ಮಧ್ಯಾಹ್ನ 1:05

ಹೌದಾ! ಹಾಗಾದರೆ ಗ್ಯಾಸ್ಕೆಟ್ ಊರಿಂದ ತರಿಸಬಹುದಾ?

ಹಳೇ_ಲಿಸ್ಟರ್ · ಶುಕ್ರವಾರ, ಮಧ್ಯಾಹ್ನ 1:30

ಕಣ್ಣು ಮುಚ್ಚಿ ತರಿಸಬೇಡಿ. ದೋಣಿಗೆ ಮಾರ್ಪಡಿಸಿದ ಬಿ.ಎಂ.ಸಿ.ಗೆ ಎಷ್ಟೋ ಸಲ ನೀರಿನಿಂದ ತಣಿಯುವ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಬರುವ ಭಾಗ) ಇರುತ್ತದೆ. ಕಾರಿನದು ಬೇರೆ ಆಕಾರ. ಇಲ್ಲೇ ಮೆರೀನ್ ಅಂಗಡಿಯಲ್ಲಿ ಎಂಜಿನ್ ನಂಬರ್ ಕೊಟ್ಟು ಕೇಳಿ.

ರಾತ್ರಿ ಡೀಸೆಲ್ ಬಗ್ಗೆ ನಾನು ಬರೆದದ್ದನ್ನು ಬಿಡಿ. ಯಾರ್ಕ್ ಘಟನೆ ಓದಿದೆ. ನನ್ನ ದೋಣಿಯಲ್ಲೂ ಡೀಸೆಲ್ ಹೀಟರ್ ಇದೆ. ಬೆಳಿಗ್ಗೆ ಎದ್ದು ಮೊದಲು ಅದರ ಪೈಪು ಮುಟ್ಟಿ ನೋಡಿದೆ. ಒಂದು ಕ್ಲಿಪ್ ಸಡಿಲವಿತ್ತು. ಬಿಗಿ ಮಾಡಿದೆ, ಅಲಾರಂ ಆರ್ಡರ್ ಮಾಡಿದೆ.

ಕೆನ್ನೆಟ್_ಅಕ್ಕ · ಶುಕ್ರವಾರ, ಮಧ್ಯಾಹ್ನ 1:38

ಇದನ್ನು ಬರೆದದ್ದಕ್ಕೆ ತುಂಬ ಥ್ಯಾಂಕ್ಸ್ ಅಣ್ಣ. ಓದಿ ಇನ್ನೂ ನಾಲ್ಕು ಜನ ಅವರವರ ಹೀಟರ್ ನೋಡುತ್ತಾರೆ.

ನೀರಂಚು · ಶುಕ್ರವಾರ, ಸಂಜೆ 5:20

ಒಂದು ಸಣ್ಣ ಪ್ರಶ್ನೆ. ನನ್ನದು ಫೈಬರ್‌ಗ್ಲಾಸ್ ಕ್ರೂಸರ್. ಹೊಗೆ ಪೈಪು ರಬ್ಬರಿನದು, ಒಳಗೆ ನೀರು ಹರಿಯುತ್ತದೆ. ನನಗೂ ಇದೆಲ್ಲ ಅನ್ವಯಿಸುತ್ತದಾ?

ಲಾಕ್‌ಗೇಟ್ · ಶುಕ್ರವಾರ, ಸಂಜೆ 5:48

ನಿಮ್ಮದು ವೆಟ್ ಎಕ್ಸಾಸ್ಟ್. ಹೊರಗಿನ ನೀರನ್ನು ಪಂಪು ಎಳೆದು ಹೊಗೆಗೆ ಬೆರೆಸುತ್ತದೆ, ಹಾಗಾಗಿ ರಬ್ಬರ್ ತಡೆಯುತ್ತದೆ. ದೋಣಿಮನೆ ಅವರದು ಡ್ರೈ. ಎಂಜಿನ್ ನೀರು ಹೊರತಗಡಿಗೆ ಅಂಟಿದ ಟ್ಯಾಂಕಿನಲ್ಲಿ ತಣ್ಣಗಾಗಿ ಸುತ್ತುತ್ತದೆ, ಹೊಗೆ ಬೇರೆ ದಾರಿಯಲ್ಲಿ ಒಣಗಿಯೇ ಹೋಗುತ್ತದೆ. ಅದಕ್ಕೇ ಅವರಿಗೆ ಲ್ಯಾಗಿಂಗ್ ಬೇಕು.

ನೀವು ಹೋಸನ್ನು ಕೈಯಿಂದ ಹಿಸುಕಿ ನೋಡಿ. ಮೆತ್ತಗಾಗಿದೆಯಾ, ಬಿರುಕು ಇದೆಯಾ, ಎಲ್ಲಾದರೂ ನೀರು ತೊಟ್ಟಿಕ್ಕಿದ ಬಿಳಿ ಗುರುತಿದೆಯಾ? ಎರಡೂ ತುದಿಗೆ ಎರಡೆರಡು ಕ್ಲಿಪ್ ಇರಲಿ. ನೀರು ಎಳೆಯುವ ಪಂಪಿನ ಇಂಪೆಲ್ಲರ್ (ಒಳಗೆ ತಿರುಗುವ ರೆಕ್ಕೆಗಾಲಿ) ಹಾಳಾದರೆ ಹೋಸ್ ಬೇಗ ಸುಡುತ್ತದೆ. ಮತ್ತೆ ನೀರು ಸೇರಿದ ಮಾತ್ರಕ್ಕೆ ವಿಷಗಾಳಿ ಹೋಗುವುದಿಲ್ಲ. ಹಿಂದೆ ಕ್ಯಾನ್ವಾಸ್ ಮುಚ್ಚಿಕೊಂಡು, ದಡಕ್ಕೆ ಕಟ್ಟಿ ಎಂಜಿನ್ ಓಡಿಸಿದರೆ ಹೊರಗೆ ಹೋದ ಹೊಗೆಯೇ ತಿರುಗಿ ಒಳಗೆ ಬರಬಹುದು. ಅಲಾರಂ ನಿಮಗೂ ಬೇಕು.

ಸಾಗರದ_ಹುಡುಗ · ಶುಕ್ರವಾರ, ರಾತ್ರಿ 8:30

ಹೊಗೆ ಅಂದರೆ ನನಗೆ ಶರಾವತಿ ಹಿನ್ನೀರಿನ ಲಾಂಚ್ ನೆನಪು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಬಸ್ಸು, ಜೀಪು, ದನ, ಜನ ಎಲ್ಲ ಒಟ್ಟಿಗೆ. ಡೀಸೆಲ್ ವಾಸನೆ ಬಂದರೆ ಸಿಗಂದೂರು ಜಾತ್ರೆಗೆ ಹೋದ ಹಾಗೆ ಅನಿಸುತ್ತದೆ. 2025ರ ಜುಲೈನಲ್ಲಿ ಸೇತುವೆ ಆಯಿತು. ಊರಿನವರಿಗೆ ಒಳ್ಳೆಯದಾಯಿತು, ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಲು ಪಟ್ಟ ಕಷ್ಟ ನನಗೆ ಗೊತ್ತು. ಆದರೂ ಲಾಂಚ್ ಕಟಕಟೆ ಹಿಡಿದು ನಿಂತದ್ದು ಮರೆಯಲಾಗುವುದಿಲ್ಲ.

ಬೆಣ್ಣೆದೋಸೆ_ಬರ್ಮಿಂಗ್‌ಹ್ಯಾಮ್ · ಶುಕ್ರವಾರ, ರಾತ್ರಿ 8:44

ದಾರಿ ತಪ್ಪುತ್ತಿದ್ದೇವೆ, ಆದರೂ ಒಂದು ಹೇಳಲೇಬೇಕು. ಬ್ರಾನ್‌ಸ್ಟನ್‌ನಿಂದ ದಕ್ಷಿಣಕ್ಕೆ ಹೋದರೆ ಬ್ಲಿಸ್‌ವರ್ತ್ ಸುರಂಗ ಸಿಗುತ್ತದೆ. 1805ರದ್ದು, 3,076 ಗಜ ಉದ್ದ. 1861ರಲ್ಲಿ ಬೀ ಅನ್ನೋ ಉಗಿ ದೋಣಿಯ ಇಬ್ಬರು ಅದರೊಳಗೆ ಹೊಗೆಯಿಂದ ಉಸಿರು ಕಟ್ಟಿ ಸತ್ತರು. ಆಮೇಲೆ ಗಾಳಿ ಕಿಂಡಿಗಳನ್ನು ಹೆಚ್ಚಿಸಿದರು. ಈಗಲೂ ಆ ಕಿಂಡಿಗಳ ಕೆಳಗೆ ಹೋಗುವಾಗ ತಲೆ ಮೇಲೆ ನೀರು ಸುರಿಯುತ್ತದೆ. ಸೋರುವ ಪೈಪು ಇಟ್ಟುಕೊಂಡು ಆ ಸುರಂಗಕ್ಕೆ ಹೋಗುವುದನ್ನು ಊಹಿಸಿಕೊಂಡರೇ ಭಯವಾಗುತ್ತದೆ.

ದೋಣಿಮನೆ · ಮುಂದಿನ ಬುಧವಾರ, ಸಂಜೆ 6:30

ಎಲ್ಲರಿಗೂ ಒಂದು ಸುದ್ದಿ.

ಯು.ಕೆ.ಎ.ಎಸ್. (ಇಲ್ಲಿ ಲ್ಯಾಬುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇರುವ ಲ್ಯಾಬಿನವರು ಬಂದು ಹಗ್ಗದ ತುಣುಕು ತೆಗೆದುಕೊಂಡು ಹೋಗಿದ್ದರು. ಇವತ್ತು ರಿಪೋರ್ಟ್ ಬಂತು. ಬಿಳಿ ಆಸ್ಬೆಸ್ಟಸ್ ಇದೆ.

ಓದಿ ಸ್ವಲ್ಪ ಹೊತ್ತು ಕೂತುಬಿಟ್ಟೆ. ಶನಿವಾರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕೈಗೆ ಕಸದ ಚೀಲ ಕೊಟ್ಟು ಈ ಕೆಲಸ ಮಾಡಬೇಕು ಅಂದುಕೊಂಡಿದ್ದೆ. ಅಕ್ಕ, ಹನ್ನೆರಡು ನಿಮಿಷದಲ್ಲಿ ಉತ್ತರ ಬರೆದಿರಿ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಆಸ್ಬೆಸ್ಟಸ್ ತೆಗೆಯುವ ತರಬೇತಿ ಇರುವವರು ಶುಕ್ರವಾರ ಬರುತ್ತಾರೆ. ಹಗ್ಗ ಬಿಚ್ಚುವ ಬದಲು ಪೈಪನ್ನೇ ಹಗ್ಗದ ಸಮೇತ ಚೀಲದಲ್ಲಿ ಸುತ್ತಿ ತೆಗೆದುಕೊಂಡು ಹೋಗುತ್ತೇವೆ ಅಂದರು. ಆಮೇಲೆ ರೂಮು ಸ್ವಚ್ಛ ಮಾಡಿ ಗಾಳಿ ಪರೀಕ್ಷೆ ಮಾಡಿ ಕೊಡುತ್ತಾರೆ. ಅಲ್ಲಿವರೆಗೆ ನಾವು ಗೆಳೆಯರ ಮನೆಯಲ್ಲಿ ಇದ್ದೇವೆ. ಅಲಾರಂ ಎರಡೂ ತಂದಾಗಿದೆ.

ಕೆನ್ನೆಟ್_ಅಕ್ಕ · ಬುಧವಾರ, ಸಂಜೆ 6:41

ಏನೂ ಹೇಳಬೇಡಿ. ಮಗುವಿಗೆ ನನ್ನ ಕಡೆಯಿಂದ ಒಂದು ಮುತ್ತು ಕೊಡಿ.

ಮಲ್ಪೆ_ಮೆಕ್ಯಾನಿಕ್ · ಬುಧವಾರ, ರಾತ್ರಿ 7:10

ಪೈಪು ಸಮೇತ ಹೋಗುತ್ತಿರುವುದು ಒಳ್ಳೆಯದೇ. ಹೊಸದಾಗಿ ಹಾಕುವಾಗ ಪೈಪಿನ ಭಾರವನ್ನು ಬ್ರಾಕೆಟ್ ಮೇಲೆ ಕೂರಿಸಿ, ಬೆಲ್ಲೋಸ್ ಮೇಲೆ ಅಲ್ಲ. ಬೆಲ್ಲೋಸ್ ಎಳೆದು, ತಿರುಚಿ ಜೋಡಿಸಬೇಡಿ. ಬೋಲ್ಟ್ ಹಾಕುವ ಮೊದಲೇ ಎರಡು ಫ್ಲಾಂಜ್ ತಾವಾಗೇ ಎದುರುಬದುರು ಕೂರಬೇಕು. ಹೊರಗೆ ಹೋಗುವ ಮೊದಲು ಪೈಪು ಹಂಸದ ಕತ್ತಿನ ಹಾಗೆ ಮೇಲೆದ್ದು ಬಾಗಿರಲಿ, ನೀರು ವಾಪಸ್ ಎಂಜಿನ್‌ಗೆ ಬರಬಾರದು. ಒಂದು ಸಲ ಬಿಸಿ ಮಾಡಿ, ತಣ್ಣಗಾದ ಮೇಲೆ ಎಲ್ಲ ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿ. ಹೊಸ ಗ್ಯಾಸ್ಕೆಟ್ ಮೊದಲ ಬಿಸಿಗೆ ಕುಗ್ಗುತ್ತದೆ.

ಸೋರುವ ಜಾಗಕ್ಕೆ ಪೇಸ್ಟ್ ಮೆತ್ತಿ ಪಾಸ್ ಮಾಡಿಸುವವರೂ ಇದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಲಾಕ್‌ಗೇಟ್ · ಬುಧವಾರ, ರಾತ್ರಿ 7:32

ಲ್ಯಾಗಿಂಗ್‌ಗೆ ಗ್ಲಾಸ್‌ಫೈಬರ್ ಪಟ್ಟಿ ಒಳ್ಳೆಯದು. ನೀರಲ್ಲಿ ನೆನೆಸಿ ಸುತ್ತಿದರೆ ನಾರು ಹಾರುವುದು ಕಡಿಮೆ, ಬಿಗಿಯಾಗಿಯೂ ಕೂರುತ್ತದೆ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚಲಿ. ಸ್ಟೀಲ್ ತಂತಿಯಿಂದ ಕಟ್ಟಿ. ಗ್ಲೌಸ್, ಮಾಸ್ಕ್, ತುಂಬುತೋಳಿನ ಅಂಗಿ ಬೇಕೇ ಬೇಕು, ಇಲ್ಲದಿದ್ದರೆ ಎರಡು ದಿನ ತುರಿಕೆ. ಮೊದಲ ಸಲ ಬಿಸಿಯಾದಾಗ ಪಟ್ಟಿಯಿಂದಲೇ ಹೊಗೆ ಬರುತ್ತದೆ. ಗಾಬರಿಯಾಗಬೇಡಿ, ಬಾಗಿಲು ತೆರೆದಿಡಿ.

ಹಳೇ_ಲಿಸ್ಟರ್ · ಬುಧವಾರ, ರಾತ್ರಿ 8:05

ಇದರಲ್ಲಿ ನನಗೆ ಭಿನ್ನಾಭಿಪ್ರಾಯ ಇದೆ. ನೆನೆಸಿ ಸುತ್ತಿದರೆ ಪಟ್ಟಿ ಒಳಗೆ ತೇವ ಉಳಿದು ಕಬ್ಬಿಣದ ಪೈಪು ತುಕ್ಕು ಹಿಡಿಯುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ, ಹೊರಗೆ ಪಟ್ಟಿ ಹೊಸದರಂತೆ ಇತ್ತು, ಒಳಗೆ ಪೈಪು ಬಿಸ್ಕತ್ತಿನ ಹಾಗೆ ಮುರಿಯಿತು. ಬೆಲ್ಲೋಸ್ ಮೇಲೆ ಬಿಗಿಯಾಗಿ ಸುತ್ತಿದರೆ ಅದು ಬಳುಕುವುದೂ ಇಲ್ಲ, ಬಿರುಕು ಬಿಟ್ಟರೆ ಕಾಣುವುದೂ ಇಲ್ಲ.

ಲಾಕ್‌ಗೇಟ್ · ಬುಧವಾರ, ರಾತ್ರಿ 8:12

ಸುತ್ತಿದ ದಿನವೇ ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿದರೆ ಒಣಗುತ್ತದೆ ಅಲ್ವಾ? ಆದರೆ ಬೆಲ್ಲೋಸ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಅದಕ್ಕೆ ಬಿಚ್ಚಿ ಹಾಕಬಹುದಾದ ಜಾಕೆಟ್ ಥರದ ಹೊದಿಕೆ ಸಿಗುತ್ತದೆ. ವರ್ಷಕ್ಕೊಮ್ಮೆ ತೆಗೆದು ನೋಡಬಹುದು.

ಹಳೇ_ಲಿಸ್ಟರ್ · ಬುಧವಾರ, ರಾತ್ರಿ 8:20

ಜಾಕೆಟ್ ಸರಿ. ತೇವದ ವಿಷಯ ನಾನು ಒಪ್ಪುವುದಿಲ್ಲ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ನಿಂತ ದೋಣಿಯಲ್ಲಿ ಎಷ್ಟು ಒಣಗಿಸಿದರೂ ತೇವ ವಾಪಸ್ ಬರುತ್ತದೆ. ನಾನಾದರೆ ಸ್ಟೇನ್‌ಲೆಸ್ ಪೈಪು ಹಾಕಿ, ಒಣ ಪಟ್ಟಿ ಸುತ್ತುತ್ತೇನೆ.

ನಮ್ಮಪ್ಪನ ತೋಟದ ಪಂಪ್‌ಹೌಸಿನಲ್ಲಿ ಲಿಸ್ಟರ್ ಮಾದರಿಯ ಪಂಪ್‌ಸೆಟ್ ಇತ್ತು. ಮಳೆಗಾಲ ಕಳೆದು ಪ್ರತಿ ವರ್ಷ ಹೊಗೆ ಪೈಪು ಬಿಚ್ಚಿ, ಒಳಗಿನ ಮಸಿ ತಟ್ಟಿ, ಇಣುಕಿ ನೋಡಿ ಹಾಕುತ್ತಿದ್ದರು. "ಗೋಡೆಯಿಂದಾಚೆ ಹೋಗೋ ಹೊಗೆ ಗೋಡೆಯಿಂದಾಚೆನೇ ಹೋಗ್ಬೇಕು" ಅನ್ನುತ್ತಿದ್ದರು. ಆ ಎಂಜಿನ್ ಹುಟ್ಟಿದ ಊರು ಡರ್ಸ್ಲಿ, ಗ್ಲಾಸ್ಟರ್‌ಶೈರ್. ಇಲ್ಲಿಗೆ ಬಂದ ಮೊದಲ ವರ್ಷವೇ ಹೋಗಿ ನೋಡಿಕೊಂಡು ಬಂದೆ.

ನೀರಂಚು · ಬುಧವಾರ, ರಾತ್ರಿ 8:50

ನೀವೆಲ್ಲ ಬ್ಯಾಟರಿ ಚಾರ್ಜ್ ಎಷ್ಟು ಹೊತ್ತಿಗೆ ಮಾಡುತ್ತೀರಿ? ಪಕ್ಕದ ದೋಣಿಯವರು ನನಗೆ ಬೈದರು.

ಬೆಣ್ಣೆದೋಸೆ_ಬರ್ಮಿಂಗ್‌ಹ್ಯಾಮ್ · ಬುಧವಾರ, ರಾತ್ರಿ 8:55

ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಬೇರೆ ದೋಣಿಗಳ ಹತ್ತಿರ ಎಂಜಿನ್ ಓಡಿಸುವ ಹಾಗಿಲ್ಲ. ಲೈಸೆನ್ಸ್ ನಿಯಮದಲ್ಲೇ ಇದೆ. ಅವರು ಬೈದದ್ದು ಸರಿ.

ದೋಣಿಮನೆ · ಎರಡು ವಾರದ ನಂತರ, ಮಂಗಳವಾರ, ಸಂಜೆ 4:15

ಇವತ್ತು ತಪಾಸಣೆ ಆಯಿತು. ಕಾಯುತ್ತಿದ್ದವರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ಹೊಗೆ ಪೈಪು ಪಾಸ್. ಅಲಾರಂ ಪಾಸ್. ದೋಣಿ ಇನ್ನೂ ಪಾಸ್ ಆಗಿಲ್ಲ!

ಹಳೇ ಪೈಪು ತೆಗೆದಾಗ ಮಲ್ಪೆ ಸರ್ ಹೇಳಿದ್ದು ಅಕ್ಷರಶಃ ಕಾಣಿಸಿತು. ಬೆಲ್ಲೋಸ್ ಅಡಿಭಾಗದಲ್ಲಿ ಬೆರಳುದ್ದ ಬಿರುಕು. ಸೈಲೆನ್ಸರ್ ತಳದ ಪ್ಲಗ್ ಇರಲೇ ಇಲ್ಲ. ನಾನು ಮಸಿ ನೋಡಿ ಅನುಮಾನಪಟ್ಟ ಫ್ಲಾಂಜ್ ಮಾತ್ರ ಸರಿಯಾಗೇ ಇತ್ತು. ಹಳೇ ಪೈಪಿಗೆ ಒಂದೇ ಒಂದು ಬ್ರಾಕೆಟ್, ಅದೂ ತುಕ್ಕು ತಿಂದು ನೇತಾಡುತ್ತಿತ್ತು. ಹೊಸದಾಗಿ ಪೈಪು, ಬೆಲ್ಲೋಸ್, ಸೈಲೆನ್ಸರ್, ಎರಡು ಬ್ರಾಕೆಟ್ ಹಾಕಿಸಿದೆವು. ಪಟ್ಟಿ ಒಣದ್ದೇ ಸುತ್ತಿದೆ, ಬೆಲ್ಲೋಸ್‌ಗೆ ಜಾಕೆಟ್ ಹಾಕಿದೆ. ಇಬ್ಬರ ಮಾತೂ ಕೇಳಿದೆ. ಸೋಪಿನ ನೀರು ಹಾಕಿ ನೋಡಿದಾಗ ಒಂದು ಜೋಡಣೆಯಲ್ಲಿ ಗುಳ್ಳೆ ಬಂತು. ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿ ಮಾಡಿದೆ, ನಿಂತಿತು.

ಎಕ್ಸಾಮಿನರ್ ಎಂಜಿನ್ ರೂಮಿನಲ್ಲಿ ಟಾರ್ಚ್ ಹಿಡಿದು ತುಂಬ ಹೊತ್ತು ನೋಡಿದರು. ಸಿಕ್ಕಿದ್ದು ಬೇರೆ. ಡೀಸೆಲ್ ಫಿಲ್ಟರ್‌ನಿಂದ ಪಂಪಿಗೆ ಹೋಗುವ ಹೋಸ್ ಮೇಲೆ ಐ.ಎಸ್.ಒ. 7840 (ಬೆಂಕಿ ತಡೆಯುವ ಇಂಧನ ಹೋಸಿನ ಮಾನದಂಡ) ಗುರುತಿಲ್ಲ. ಯಾರೋ ಮಾಮೂಲಿ ರಬ್ಬರ್ ಪೈಪು ಹಾಕಿದ್ದಾರೆ. ಅದನ್ನು ಬದಲಿಸಿ ತೋರಿಸಿದರೆ ಸರ್ಟಿಫಿಕೇಟ್. ಹೋಸ್ ತಂದಾಗಿದೆ, ಗುರುವಾರ ಮತ್ತೆ ಬರುತ್ತಾರೆ.

ಮಗಳು ಮೊನ್ನೆಯಿಂದ ತನ್ನ ಹಾಸಿಗೆಯಲ್ಲೇ ಮಲಗುತ್ತಿದ್ದಾಳೆ. ಪ್ರತಿ ಭಾನುವಾರ ಅಲಾರಂ ಬಟನ್ ಒತ್ತುವ ಕೆಲಸ ಅವಳದು.

ಮಲ್ಪೆ_ಮೆಕ್ಯಾನಿಕ್ · ಮಂಗಳವಾರ, ಸಂಜೆ 4:40

ತುಂಬ ಸಂತೋಷ. ಬಿರುಕಿನ ಫೋಟೋ ಇದ್ದರೆ ಹಾಕಿ, ಬೇರೆಯವರಿಗೂ ಗೊತ್ತಾಗಲಿ. ಹೊಸ ಹೋಸ್ ಹೊಗೆ ಪೈಪಿನಿಂದ ದೂರ ಕಟ್ಟಿ.

ದೋಣಿಮನೆ · ಮಂಗಳವಾರ, ಸಂಜೆ 5:02

ಫೋಟೋ ರಾತ್ರಿ ಹಾಕುತ್ತೇನೆ. ಇನ್ನೊಂದು ಆಸೆ ಇದೆ. ಸರ್ಟಿಫಿಕೇಟ್ ಬಂದ ಮೇಲೆ ಬೇಸಿಗೆಯಲ್ಲಿ ಲಂಡನ್ನಿಗೆ ಹೋಗಿ, ಲೈಮ್‌ಹೌಸ್‌ನಿಂದ ಥೇಮ್ಸ್‌ಗೆ ಇಳಿದು ಬ್ರೆಂಟ್‌ಫರ್ಡ್ ಕಡೆಗೆ ಹೋಗೋಣ ಅಂತ. ನದಿಯ ಮೇಲಿನಿಂದ ಬಸವಣ್ಣನವರ ಪ್ರತಿಮೆ ನೋಡಬೇಕು ಅಂತ ಹೆಂಡತಿಗೆ ಆಸೆ. ಯಾರಾದರೂ ಹೋಗಿದ್ದೀರಾ?

ಕೆನ್ನೆಟ್_ಅಕ್ಕ · ಮಂಗಳವಾರ, ಸಂಜೆ 5:20

ನಾವು ಹೋಗಿದ್ದೇವೆ. ಪ್ರತಿಮೆ 2015ರಲ್ಲಿ ಆಯಿತಲ್ಲ, ಅದಾದ ಮೇಲೆ. ಆ ಕಡೆಯಿಂದ ಬರುವಾಗ ಲ್ಯಾಂಬೆತ್ ಸೇತುವೆ ಹತ್ತಿರ ಎಡಗಡೆಗೆ ಸಿಗುತ್ತದೆ. ಕೈ ಮುಗಿಯಲು ಅರ್ಧ ನಿಮಿಷ ಸಿಗುತ್ತದೆ, ಅಷ್ಟೇ. ಸ್ಟಿಯರಿಂಗ್ ಹಿಡಿದವರು ಮುಗಿಯಬೇಡಿ.

ಲೈಮ್‌ಹೌಸ್ ಲಾಕ್ (ನೀರಿನ ಮಟ್ಟ ಬದಲಿಸಿ ದೋಣಿ ದಾಟಿಸುವ ಕಟ್ಟೆ) ಮೊದಲೇ ಬುಕ್ ಮಾಡಬೇಕು. ಸಮುದ್ರದ ಉಬ್ಬರದಿಂದ ನೀರು ಏರುವಾಗ ಹೊರಟರೆ ಅದೇ ನಿಮ್ಮನ್ನು ಮೇಲಕ್ಕೆ ಒಯ್ಯುತ್ತದೆ. ನಿಮ್ಮ ದೋಣಿ 13.7 ಮೀಟರಿಗಿಂತ ಉದ್ದ ಇರುವುದರಿಂದ ವಿ.ಎಚ್.ಎಫ್. ರೇಡಿಯೋ ಬೇಕಾಗುತ್ತದೆ, ಅದನ್ನು ಬಳಸಲು ನಿಮಗೊಂದು ಲೈಸೆನ್ಸ್ ಕೂಡ. ಕೋರ್ಸು ಒಂದೇ ದಿನದ್ದು. ಅಲ್ಲಿ ಎಂಜಿನ್ ಗಂಟೆಗಟ್ಟಲೆ ಪೂರ್ತಿ ಜೋರಿನಲ್ಲಿ ಓಡಬೇಕು. ಕಾಲುವೆಯಲ್ಲಿ ಯಾವತ್ತೂ ಅಷ್ಟು ಓಡಿಸಿರುವುದಿಲ್ಲ. ಹೊರಡುವ ಹಿಂದಿನ ವಾರ ಆ ಜಾಕೆಟ್ ಬಿಚ್ಚಿ ಬೆಲ್ಲೋಸ್ ಇನ್ನೊಮ್ಮೆ ನೋಡಿ, ಬೋಲ್ಟ್ ಬಿಗಿ ಮಾಡಿ. ತಾರೀಕು ಗೊತ್ತಾದ ಮೇಲೆ ಇಲ್ಲಿ ಬರೆಯಿರಿ. ರಜೆ ಸಿಕ್ಕರೆ ನಾವೂ ಜೊತೆಗೆ ಬರುತ್ತೇವೆ.